ಅಚ್ಚ ಕನ್ನಡದ ಮಕ್ಕಳ ಪುಸ್ತಕ ತೋರಿಸ್ರಪ್ಪ, ನೋಡೋಣ

ಭಾಗ 1

ಪ್ರೈಮರಿ ಸ್ಕೂಲಲ್ಲಿ ನಾವೆಲ್ಲ ತಲೆ ಅಲ್ಲಾಡಿಸ್ಕೊಂಡು ನಾಗರಹಾವಿನ ಪದ್ಯ ಹೇಳಿದ್ದೀವಿ. ಶ್ರೀರಾಂಪುರದಲ್ಲಿ ಹೇಳಿದವರು ಇದ್ದೀರಿ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಲ್ಲಿ ಹೇಳಿದವರೂ ಇದ್ದೀರಿ. ಬರೆದವರು ಯಾರು ಅಂದ್ರೆ ಪಂಜೆ ಮಂಗೇಶರಾಯರು ಅಂತ ಪರೀಕ್ಷೇಲಿ ಬರೆದು ಮಾರ್ಕ್ಸೂ ತಗೊಂಡಿದ್ದೀವಿ. ಅವರ ಮನೆಮಾತು ಯಾವುದು ಅಂತ ನಾವೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಕೊಂಕಣಿ.

ಈಗ ಯಾಕೆ ಈ ವಿಷಯ ಎತ್ತಿದೆ ಅಂದ್ರೆ, ನಮ್ಮ ಜೊತೆ ಓದೋ ಒಬ್ಬಳು (ತಾಂಡಾದವಳು, ಹೆಸರು ಬೇಡ) ಅವಳಜ್ಜಿ ಹೇಳ್ತಿದ್ದ ಒಂದು ಕಥೇನ ಚಿಕ್ಕ ಮಕ್ಕಳಿಗೆ ಅಂತ ಕನ್ನಡದಲ್ಲಿ ಬರೆದು ಒಂದು ಸ್ಪರ್ಧೆಗೆ ಕಳಿಸಿದ್ಲು. ವಾಪಸ್ ಬಂತು. ಜೊತೆಗೆ ಒಂದು ಷರಾ: ಭಾಷೆ ಶುದ್ಧವಿಲ್ಲ, ನಮ್ಮ ಸಂಸ್ಕೃತಿಯ ಕಥೆ ಬರೆಯಿರಿ. ಆ ಕಥೆ ನಾನು ಓದಿದ್ದೀನಿ. ಎರಡು ಕಡೆ ಕಾಗುಣಿತ ತಪ್ಪಿತ್ತು, ತಿದ್ದಿದ್ರೆ ಆಗ್ತಿತ್ತು. ಲಂಬಾಣಿ ಮಾತು ಅಂತ ಇದ್ದದ್ದು ಒಂದೇ ಒಂದು: ಯಾಡಿ. ಅಂದ್ರೆ ಅವ್ವ. ಕೆಂಪು ಇಂಕಿನ ಗೆರೆ ಬಿದ್ದಿದ್ದು ಅದರ ಕೆಳಗೆ.

ಅವರು ಹಾಗೆ ಬರೆದದ್ದಕ್ಕಿಂತ ನಮ್ಮ ಕ್ಲಾಸಿನವರೇ ಕೆಲವರು "ಕರೆಕ್ಟಾಗೇ ಹೇಳಿದ್ದಾರೆ ಬಿಡು" ಅಂದಿದ್ದು ನನಗೆ ಉರಿ ಹತ್ತಿಸ್ತು. ಈ ಸರಣಿ ಅವರಿಗೇ.

ಭಾಗ 2

ಪಂಜೆಯವರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಮನೆಯೊಳಗೆ ಕೊಂಕಣಿ, ಬೀದಿಗಿಳಿದ್ರೆ ತುಳು, ಪುಸ್ತಕ ಬಿಡಿಸಿದ್ರೆ ಕನ್ನಡ, ಸರ್ಕಾರಿ ಕಾಗದಕ್ಕೆ ಇಂಗ್ಲಿಷು. ಆಗ ಆ ಜಿಲ್ಲೆ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಮೇಷ್ಟ್ರಾಗಿದ್ರು, ಶಾಲಾ ಇನ್‌ಸ್ಪೆಕ್ಟರೂ ಆಗಿದ್ರು. ಮಕ್ಕಳಿಗೆ ಬೇಕಾದ ಪದ್ಯ, ಕಥೆಗಳನ್ನ ತಾವೇ ಬರೆದ್ರು. ಇಟ್ಟುಕೊಂಡ ಹೆಸರು ನೋಡಿ: "ಕವಿಶಿಷ್ಯ". ಕವಿ ಅಂತಲ್ಲ, ಕವಿಯ ಶಿಷ್ಯ ಅಂತ!

ಅವರು "ಕೋಟಿ ಚೆನ್ನಯ" ಬರೆದ್ರು. ಕೋಟಿ, ಚೆನ್ನಯ ತುಳುನಾಡಿನ ಅವಳಿ ವೀರರು. ಅಲ್ಲಿನ ಗರಡಿಗಳಲ್ಲಿ ಇವತ್ತಿಗೂ ಅವರಿಗೆ ಪೂಜೆ ನಡೆಯುತ್ತೆ. ಅವರ ಕಥೆ ಇದ್ದದ್ದು ತುಳು ಪಾಡ್ದನಗಳಲ್ಲಿ, ಹಾಡೋರ ಬಾಯಲ್ಲಿ. ಕೊಂಕಣಿ ಮನೆಯ ಮೇಷ್ಟ್ರು, ತುಳು ಕಥೆ, ಕನ್ನಡ ಪುಸ್ತಕ. ಇದರಲ್ಲಿ "ನಮ್ಮ ಸಂಸ್ಕೃತಿ" ಯಾವುದು ಅಂತ ಷರಾ ಬರೆದವರು ಬೆರಳಿಟ್ಟು ತೋರಿಸಲಿ.

ಆಮೇಲೆ ಮಡಿಕೇರಿಗೆ ಕೆಲಸಕ್ಕೆ ಹೋದ್ರು. ಕೊಡಗಿನವರ ಸುಗ್ಗಿ ಹಬ್ಬ ಹುತ್ತರಿ. ಅದರ ಹೆಸರಲ್ಲೇ "ಹುತ್ತರಿ ಹಾಡು" ಬರೆದ್ರು. ಹೊರಗಿಂದ ಬಂದ ಮೇಷ್ಟ್ರು ಬರೆದದ್ದು ಅಂತ ಕೊಡಗಿನವರು ಅದನ್ನ ದೂರ ಇಡಲಿಲ್ಲ, ಈಗಲೂ ಹಾಡ್ತಾರೆ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಾಯಚೂರು ಆಗ ನಿಜಾಮನ ರಾಜ್ಯದಲ್ಲಿತ್ತು. ಕನ್ನಡದ ನಾಡೇ ಹತ್ತಾರು ತುಂಡಾಗಿ ಬಿದ್ದಿದ್ದ ಕಾಲ ಅದು, ಮನೆಮಾತು ಬೇರೆ ಇದ್ದವರನ್ನ ಆಗ ಕನ್ನಡ ಅಷ್ಟು ಎತ್ತರದಲ್ಲಿ ಕೂರಿಸ್ತು. ಈಗ ಒಂದೇ ರಾಜ್ಯ ಆಗಿ ಕೂತಿದ್ದೀವಿ. ತಾಂಡಾದ ಒಂದು ಪದಕ್ಕೆ ಜಾಗ ಇಲ್ವಂತೆ!

ಭಾಗ 3

ಪಂಜೆಯವರದ್ದೇ ಇನ್ನೊಂದು ಕಥೆ, "ಸಿಗಡಿ ಯಾಕೆ ಒಣಗಲಿಲ್ಲ?" ನಮ್ಮದು ತೆಂಗು, ಅಡಿಕೆ, ದಾಳಿಂಬೆ ಸೀಮೆ. ನೀರು ಅಂದ್ರೆ ವೇದಾವತಿ, ದೊಡ್ಡದು ಅಂದ್ರೆ ಮಾರಿಕಣಿವೆ. ಸಮುದ್ರದ ಸಿಗಡಿ ಮೀನನ್ನ ಬಿಸಿಲಿಗೆ ಒಣಗಿಸ್ತಾರೆ ಅಂತ ನಮ್ಮೂರ ಮಗುವಿಗೆ ಎಲ್ಲಿಂದ ಗೊತ್ತಾಗಬೇಕು? ಗೊತ್ತಿಲ್ಲ. ಪಕ್ಕದಲ್ಲಿ ಕೂತವರನ್ನ ಕೇಳುತ್ತೆ, ತಿಳ್ಕೊಳ್ಳುತ್ತೆ, ಮುಂದಿನ ಸಾಲಿಗೆ ಹೋಗುತ್ತೆ. ಸಿಗಡಿ ಅರಗಿಸಿಕೊಂಡ ಮಗುವಿಗೆ ಯಾಡಿ ಕಷ್ಟ ಆಗುತ್ತಾ? ಅದೂ ಯಾಡಿ ಅನ್ನೋ ಮಗು ಅದೇ ಬೆಂಚಲ್ಲಿ ಪಕ್ಕದಲ್ಲೇ ಕೂತಿರುವಾಗ?

ಪಂಜೆ ಒಬ್ಬರೇ ಅಲ್ಲ. ಬಣ್ಣದ ತುತ್ತೂರಿ ಕೊಟ್ಟ ಜಿ.ಪಿ. ರಾಜರತ್ನಂ ತಮಿಳು ಮೂಲದ ಮನೆತನದವರು. ಕುವೆಂಪು ಅಪ್ಪಟ ಮಲೆನಾಡಿನವರೇ, ಆದ್ರೆ ಅವರ ಕಿಂದರಿಜೋಗಿ ಹೊರಟದ್ದು ಜರ್ಮನಿಯ ಹ್ಯಾಮೆಲಿನ್ ಊರಿಂದ. ಬ್ರೌನಿಂಗ್‌ನ ಇಂಗ್ಲಿಷ್ ಪದ್ಯ ದಾಟಿ ಬೊಮ್ಮನಹಳ್ಳಿಗೆ ಬಂದ. ಅವನ ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ.

ಹಳೇ ಕಾಲದ ಮಾತು ಅಂತೀರಾ? ಪುತ್ತೂರು ಕಡೆಯ ಬೊಳುವಾರು ಮಹಮದ್ ಕುಂಞಿ ಅವರನ್ನ ನೋಡಿ. ಕರಾವಳಿ ಮುಸ್ಲಿಮರ ಬದುಕನ್ನ ಕನ್ನಡ ಕಥೆಗಳಿಗೆ ತಂದವರು. ಕನ್ನಡದ ಹಳೇ ಹೊಸ ಮಕ್ಕಳ ಪದ್ಯಗಳನ್ನೆಲ್ಲ ಹುಡುಕಿ "ತಟ್ಟು ಚಪ್ಪಾಳೆ ಪುಟ್ಟ ಮಗು" ಸಂಕಲನ ಮಾಡಿದವರೂ ಅವರೇ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದಾಗ ಕನ್ನಡಕ್ಕೆ ಅದು ಬಂದದ್ದು ಅವರ ಗಾಂಧಿ ಪುಸ್ತಕಕ್ಕೆ, "ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ". ಕನ್ನಡದ ಮಕ್ಕಳ ಪದ್ಯಗಳನ್ನ ಕಾಪಾಡಿಟ್ಟವರು ಯಾರು ಅಂತ ಗೊತ್ತಾಯ್ತಲ್ಲ?

ಭಾಗ 4

ಈಗ ನಿಮ್ಮ ವಾದಕ್ಕೆ ಬರ್ತೀನಿ. "ಪಂಜೆಯವರು ಮನೆಮಾತು ಯಾವುದಾದ್ರೂ ಕನ್ನಡಾನ ಚೆನ್ನಾಗಿ ಬರೆದ್ರು, ಕೊಂಕಣಿ ಬೆರೆಸಲಿಲ್ಲ." ಚೆನ್ನಾಗಿ ಬರೆದ್ರು, ಒಪ್ಪಿದೆ. ಚೆನ್ನಾಗಿ ಬರೀಬೇಕು ಅನ್ನೋದ್ರಲ್ಲಿ ನನ್ನದೇನೂ ತಕರಾರಿಲ್ಲ. ಅರ್ಧ ಇಂಗ್ಲಿಷು ಅರ್ಧ ಕನ್ನಡ ಸೇರಿಸಿ, ಯಾವುದರ ಲಯವೂ ಗೊತ್ತಿಲ್ಲದೆ ಯೂಟ್ಯೂಬಿಗೆ ಸುರಿಯೋ ಮಕ್ಕಳ ಹಾಡುಗಳನ್ನ ಕೇಳಿದ್ರೆ ನನಗೂ ತಲೆ ಚಿಟ್ಟು ಹಿಡಿಯುತ್ತೆ. ತಮಾಷೆ ಏನಂದ್ರೆ, ಅದಕ್ಕೆ ಯಾರೂ ಕೆಂಪು ಗೆರೆ ಎಳೆಯಲ್ಲ. ಮಮ್ಮಿ ಅಂತ ಬರೆದಿದ್ರೆ ಅವಳ ಕಥೆ ಪಾಸಾಗ್ತಿತ್ತು ಅಂತ ನಾನು ಬೆಟ್ ಕಟ್ತೀನಿ.

ಬೆರಕೆ ನಿಮಗೆ ತೊಂದರೆ ಅಲ್ಲ ಕಣ್ರಪ್ಪ. ಯಾರ ಮನೆಯಿಂದ ಬಂತು ಅನ್ನೋದು ತೊಂದರೆ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ತುಳು ಇನ್ನೂ ಸೇರಿಲ್ಲ, ಕೊಡವ ಇಲ್ಲ, ಲಂಬಾಣಿನೂ ಇಲ್ಲ. ದಿಲ್ಲಿಯ ಪಟ್ಟೀಲಿ ಜಾಗ ಇಲ್ಲದ ಮಾತಿಗೆ ಪಕ್ಕದ ಬೆಂಚಿನ ಕನ್ನಡವೂ ಜಾಗ ಕೊಡಲಿಲ್ಲ ಅಂದ್ರೆ ಆ ಅಜ್ಜಿಯ ಕಥೆ ಎಲ್ಲಿಗೆ ಹೋಗಬೇಕು? ಅಜ್ಜಿ ಜೊತೆಗೇ ಹೋಗುತ್ತೆ.

ಹಾಗಾಗಿ ನಮ್ಮ ಗೋಡೆಪತ್ರಿಕೆಯ ಮುಂದಿನ ಸಂಚಿಕೆ ಪೂರ್ತಿ ಮಕ್ಕಳ ಕಥೆಗಳದ್ದು. ನಿಮ್ಮ ಮನೇಲಿ ತೆಲುಗಿರಲಿ, ಉರ್ದು, ತಮಿಳು, ಲಂಬಾಣಿ, ಯಾವುದಾದ್ರೂ ಇರಲಿ. ಕನ್ನಡ ಮನೆಯವರೂ ಕಳಿಸಿ, ಗೊಲ್ಲರಹಟ್ಟಿ ಕನ್ನಡ ಅಂತ ನಾಚ್ಕೋಬೇಡಿ. ಅಜ್ಜಿ ಬಾಯಿಂದ ಕೇಳಿದ್ದು ಒಂದು ಪುಟ ಸಾಕು. ಕಾಗುಣಿತ ನಾವು ತಿದ್ದುತ್ತೀವಿ, ಪದ ತೆಗೆಯಲ್ಲ. ಚಿತ್ರ ಬರೆಯೋರು ಇಬ್ಬರು ಬೇಕು, ಸ್ಕೆಚ್ ಪೆನ್ನು ನಾನು ತರ್ತೀನಿ.

#ಶ್ರೀರಾಂಪುರ #ಹೊಸದುರ್ಗ #ಮಕ್ಕಳಕಥೆ #ಪಂಜೆ