ಬೆಲೆಡ್ ಹಾವೊದಲ್ಲಿ ತಲೆ ಎಣಿಸಿದವರು ಯಾರು?

55,989. ಸೊಮಾಲಿಯಾದ ಗೆಡೊ ಪ್ರಾಂತ್ಯದಲ್ಲಿರುವ ಬೆಲೆಡ್ ಹಾವೊ ಎಂಬ ಗಡಿ ಜಿಲ್ಲೆಯ ಜನಸಂಖ್ಯೆ ಇದು ಎಂದು ಹುಡುಕಿದವರಿಗೆಲ್ಲ ಸಿಗುತ್ತದೆ. ಸುಮಾರು ಐವತ್ತಾರು ಸಾವಿರ ಎಂದರೂ ನಡೆಯುತ್ತಿತ್ತು. ಹಾಗೆ ಹೇಳುವುದಿಲ್ಲ. ಕೊನೆಯ ಒಂಬತ್ತು ಜನರನ್ನೂ ಬಿಡದೆ ಎಣಿಸಿದಂತೆ ಈ ಅಂಕಿ ನಿಂತಿದೆ. ಯಾರು ಎಣಿಸಿದರು, ಯಾವಾಗ, ಯಾವ ಕಾಲದಲ್ಲಿ, ಮಳೆ ಬಂದಾಗಲೋ ಬರಗಾಲದಲ್ಲೋ ಎಂದು ಕೇಳುವವರು ಕಡಿಮೆ.

ನಾವೂ ಕೇಳಿದವರಲ್ಲ. ಗ್ರಾಮೀಣ ಪತ್ರಿಕೋದ್ಯಮ ಓದುವಾಗ ನಮಗೆ ಮೊದಲು ಕಲಿಸಿದ್ದೇ ಊರಿನ ಪರಿಚಯ ಬರೆಯುವುದನ್ನು. ಎಲ್ಲೆ, ಹೊಳೆ, ಬೆಳೆ, ಯಾವ ಜಾತಿಯವರು ಎಷ್ಟು ಮನೆ, ಕೊನೆಗೆ ಒಟ್ಟು ಜನಸಂಖ್ಯೆ. ತಾಲ್ಲೂಕು ಕಚೇರಿಯಿಂದ ಅಂಕಿ ತಂದರೆ ಅರ್ಧ ಕೆಲಸ ಮುಗಿಯಿತು ಅಂತಲೇ ನಂಬಿದ್ದೆವು. ಮುಂದೆ ನಮ್ಮಲ್ಲೊಬ್ಬರು ಒಂದು ಸುದ್ದಿಮನೆಯಲ್ಲಿ ಕೆನ್ಯಾ-ಸೊಮಾಲಿಯಾ ಗಡಿಯ ಕಾದಾಟದ ಸುದ್ದಿ ಅನುವಾದಿಸುತ್ತಿದ್ದಾಗ, ಬಾಕ್ಸ್‌ನಲ್ಲಿ ಜನಸಂಖ್ಯೆ ಇಲ್ಲ ಎಂದು ಪುಟ ವಾಪಸು ಬಂತು. ಐದು ನಿಮಿಷದಲ್ಲಿ ಈ 55,989 ಸಿಕ್ಕಿತು, ಪುಟ ಅಚ್ಚಿಗೆ ಹೋಯಿತು. ಆ ಅಂಕಿಯ ಬೆನ್ನು ಹತ್ತಿದ್ದು ಆಮೇಲೆ. ಈ ಬರಹ ಅದರ ಕುರಿತೇ. ಬೈಯಬೇಕಾದವರಲ್ಲಿ ನಾವೂ ಇದ್ದೇವೆ.

ಮೊದಲು ನೆಲ ನೋಡಿ. ಬೆಲೆಡ್ ಹಾವೊ ಇರುವುದು ಮೂರು ದೇಶಗಳು ಕೂಡುವ ಮೂಲೆಯಲ್ಲಿ. (ಹಾವೊ ಅಂದರೆ ಹವ್ವಾ, ಹೆಸರಿನ ಅರ್ಥ ಹವ್ವಳ ಊರು.) ಪಶ್ಚಿಮಕ್ಕೆ ನಡೆದೇ ಹೋಗುವಷ್ಟು ಹತ್ತಿರ ಕೆನ್ಯಾದ ಮಂಡೇರಾ ಪಟ್ಟಣ. ಉತ್ತರಕ್ಕೆ ದಾವಾ ಹೊಳೆ, ಅದರಾಚೆ ಇಥಿಯೋಪಿಯಾದ ಸುಫ್ತು. ದಾವಾ ಪೂರ್ವಕ್ಕೆ ಹರಿದು ಡೊಲೊ ಎಂಬಲ್ಲಿ ಗನಾಲೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಅದು ಜುಬ್ಬಾ ನದಿ, ದಕ್ಷಿಣ ಸೊಮಾಲಿಯಾದ ಜೀವನಾಡಿ. ಇಥಿಯೋಪಿಯಾದ ಎತ್ತರದಲ್ಲಿ ಮಳೆ ಸುರಿದರೆ ಇಲ್ಲಿ ನೆರೆ. ಜನವರಿಯಿಂದ ಮಾರ್ಚ್‌ವರೆಗಿನ ಜಿಲಾಲ್ ಎಂಬ ಒಣಗಾಲ ಉದ್ದವಾದರೆ ದಾವಾದಲ್ಲಿ ಮರಳೇ ಮರಳು. ಏಪ್ರಿಲ್ ಹೊತ್ತಿಗೆ ಬರುವ ಗು ಮಳೆ, ಅಕ್ಟೋಬರಿನ ದೇಯ್ರ್ ಮಳೆ, ಈ ಎರಡನ್ನೇ ನಂಬಿ ಒಂಟೆ, ಆಡು, ದನಗಳ ಬದುಕು. ಹೊಳೆಯ ಅಂಚಿನಲ್ಲಿ ಮಾತ್ರ ಜೋಳ, ಈರುಳ್ಳಿ. ಪೇಟೆಯಲ್ಲಿ ಕೆನ್ಯಾದ ಶಿಲ್ಲಿಂಗ್ ಓಡುತ್ತದೆ. ಮಂಡೇರಾದವರ ಸಕ್ಕರೆ, ಪಾಸ್ತಾ, ಹಾಲಿನಪುಡಿ ಸೊಮಾಲಿಯಾ ಕಡೆಯಿಂದ ಬರುತ್ತದೆ. ಅವರ ರಾಜಧಾನಿ ನೈರೋಬಿ ಸಾವಿರ ಕಿಲೋಮೀಟರಿಗೂ ಆಚೆ ಇದೆ, ಪಕ್ಕದ ಬೆಲೆಡ್ ಹಾವೊ ಕೂಗಿದರೆ ಕೇಳುವಂತಿದೆ.

ಒಂಟೆ ಮೇಯಿಸುವವನು ಮಳೆ ಬಿದ್ದ ಕಡೆ ಹೋಗುತ್ತಾನೆ. ಈ ವರ್ಷ ಮಳೆ ಕೆನ್ಯಾದ ಬದಿಗೆ ಬಿದ್ದರೆ ಅಲ್ಲಿ, ಇಥಿಯೋಪಿಯಾ ಬದಿಗೆ ಬಿದ್ದರೆ ಅಲ್ಲಿ. ಇವನನ್ನು ಯಾವ ಜಿಲ್ಲೆಯ ಪಟ್ಟಿಗೆ ಸೇರಿಸುತ್ತೀರಿ?

ಅವನು ಗಡಿ ದಾಟಿದ ಎನ್ನುವುದು ನಮ್ಮ ಮಾತು. ಗಡಿಯೇ ಅವನನ್ನು ದಾಟಿದ್ದೂ ಉಂಟು. 1891ರಲ್ಲಿ ಬ್ರಿಟನ್ ಮತ್ತು ಇಟಲಿ ಜುಬ್ಬಾ ನದಿಯನ್ನು ತಮ್ಮ ನಡುವಿನ ಎಲ್ಲೆ ಮಾಡಿಕೊಂಡವು. ಆಗ ನದಿಯ ಪಶ್ಚಿಮದಲ್ಲಿರುವ ಈ ನೆಲ ಬ್ರಿಟಿಷರ ಪಾಲು. 1908ರಲ್ಲಿ ಇಟಲಿ ಮತ್ತು ಇಥಿಯೋಪಿಯಾ ಡೊಲೊವನ್ನು ಗುರುತಾಗಿಟ್ಟುಕೊಂಡು ಇನ್ನೊಂದು ಗೆರೆ ಒಪ್ಪಿದವು. ಮೊದಲ ಮಹಾಯುದ್ಧದಲ್ಲಿ ಜೊತೆ ಕೊಟ್ಟದ್ದಕ್ಕೆ ಇಟಲಿಗೆ ಏನಾದರೂ ಕೊಡಬೇಕಿತ್ತಲ್ಲ, ಬ್ರಿಟನ್ 1924ರಲ್ಲಿ ಒಪ್ಪಂದ ಮಾಡಿ 1925ರಲ್ಲಿ ಜುಬ್ಬಾಲ್ಯಾಂಡ್ ಅನ್ನು ದಾಟಿಸಿತು. ಹೊಸ ಗಡಿ ದಾವಾ ಹೊಳೆಯಿಂದ ಕೆಳಗಿಳಿದು, ಎಲ್ ವಾಕ್ ಬಾವಿಗಳ ಬಳಿ ಹಾದು, ಹೆಚ್ಚುಕಡಿಮೆ 41ನೇ ರೇಖಾಂಶದ ಗುಂಟ ನೆಟ್ಟಗೆ ದಕ್ಷಿಣಕ್ಕೆ ಸಾಗುತ್ತದೆ. ಒಂದೇ ಕುಲದ ಅಣ್ಣ ಬ್ರಿಟಿಷರ ಕಡೆ, ತಮ್ಮ ಇಟಲಿಯವರ ಕಡೆ. ಬೆಲೆಡ್ ಹಾವೊದಲ್ಲಿ ಮರೆಹಾನ್ ಕುಲದವರದ್ದು ದೊಡ್ಡ ಕೈ. ಮಂಡೇರಾದಲ್ಲೂ ಮರೆಹಾನರಿದ್ದಾರೆ, ಅವರೊಂದಿಗೆ ಗರೆ, ಮುರುಲೆ, ದೆಗೋದಿಯಾ ಕುಲದವರು.

ಈಗ ಎಣಿಕೆಗೆ ಬರೋಣ. ಸ್ವತಂತ್ರ ಸೊಮಾಲಿಯಾದಲ್ಲಿ 1975ರಲ್ಲಿ ಒಂದು ಜನಗಣತಿ ನಡೆಯಿತು. 1986-87ರಲ್ಲಿ ಇನ್ನೊಂದು ನಡೆದರೂ ಅದರ ಪೂರ್ಣ ಫಲಿತಾಂಶ ಹೊರಬರಲಿಲ್ಲ. 1991ರ ಜನವರಿಯಲ್ಲಿ ಸಿಯಾದ್ ಬರ್ರೆ ಮೊಗದಿಶುವಿನಿಂದ ಓಡಿಬಂದದ್ದು ಇದೇ ಗೆಡೊ ಕಡೆಗೆ. ಸರ್ಕಾರವೇ ಇಲ್ಲದಾದ ಮೇಲೆ ಗಣತಿ ಎಲ್ಲಿಯದು? 55,989 ಬಂದದ್ದು 2005ರಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಅಂದಾಜಿನಿಂದ. ಅದೇ ಪಟ್ಟಿಯಲ್ಲಿ ಡೊಲೊಗೆ 26,495, ಲೂಕ್‌ಗೆ 62,703, ಇಡೀ ಗೆಡೊಗೆ 3,28,378. ಪರಿಹಾರ ಹಂಚಲು ಏನಾದರೊಂದು ಆಧಾರ ಬೇಕೆಂದು ಮಾಡಿಕೊಂಡ ಅಂದಾಜು ಅದು. ಮನೆಮನೆಗೆ ಹೋಗಿ ಬರೆದುಕೊಂಡ ಲೆಕ್ಕವಲ್ಲ. ಅಂದಾಜು ಎಂಬ ಮಾತು ದಾರಿಯಲ್ಲಿ ಉದುರಿಹೋಯಿತು, ಅಂಕಿ ಉಳಿಯಿತು.

2014ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ನೆರವಿನಿಂದ ದೊಡ್ಡ ಸಮೀಕ್ಷೆ ಆಯಿತು. ಉಪಗ್ರಹ ಚಿತ್ರ ನೋಡಿದರು, ಮಾದರಿ ಮನೆಗಳನ್ನು ಆರಿಸಿದರು, ಅಲೆಮಾರಿಗಳನ್ನು ನೀರಿನ ತಾವುಗಳಲ್ಲಿ ಹಿಡಿದು ಕೇಳಿದರು. ದೇಶಕ್ಕೆ 1.23 ಕೋಟಿ, ಗೆಡೊಗೆ 5,08,405. ಈ ಸಮೀಕ್ಷೆ ಮಾಡಿದವರ ಪ್ರಾಮಾಣಿಕತೆ ನಮಗೆ ಮೆಚ್ಚುಗೆಯಾಯಿತು. ಇದು ಜನಗಣತಿಯಲ್ಲ, ಅಂದಾಜು ಎಂದು ಹೆಸರಿನಲ್ಲೇ ಹೇಳಿಕೊಂಡರು, ಅಂಕಿಗಳನ್ನು ಪ್ರಾಂತ್ಯದ ಮಟ್ಟಕ್ಕೆ ನಿಲ್ಲಿಸಿದರು. ಅದರೊಳಗಿನ ವಿವರ ನೋಡಿ: ಗೆಡೊದಲ್ಲಿ ಪಟ್ಟಣದವರು 1,09,142, ಅಲೆಮಾರಿಗಳು 1,44,793, ನೆಲೆ ತಪ್ಪಿ ಶಿಬಿರಗಳಲ್ಲಿರುವವರು 76,728. ಅಂದರೆ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಜನಕ್ಕೆ ಖಾಯಂ ಬಾಗಿಲೇ ಇಲ್ಲ. ಇಂಥ ಕಡೆ ಕೊನೆಯ ಒಂಬತ್ತು ಜನರ ಲೆಕ್ಕ ಕೊಡುವುದು ಓದುಗರಿಗೆ ಮಾಡುವ ಮೋಸ.

ಇಷ್ಟೇ ಆಗಿದ್ದರೆ ಗುಮಾಸ್ತರ ತಪ್ಪು ಎಂದು ನಕ್ಕು ಬಿಡಬಹುದಿತ್ತು. ಆದರೆ ಆ ನೆಲದಲ್ಲಿ ತಲೆಯೆಣಿಕೆಯೇ ಅನ್ನ, ತಲೆಯೆಣಿಕೆಯೇ ಕುರ್ಚಿ. 1977-78ರ ಒಗಾಡೆನ್ ಯುದ್ಧದ ನಂತರ ಇಥಿಯೋಪಿಯಾದಿಂದ ನಿರಾಶ್ರಿತರು ಬಂದಾಗ ಗೆಡೊದಲ್ಲೂ ಶಿಬಿರಗಳೆದ್ದವು. ಸರ್ಕಾರ ಹದಿಮೂರು, ಹದಿನೈದು ಲಕ್ಷ ಎಂದಿತು. ದಾನಿಗಳು ನಂಬಲಿಲ್ಲ. ಕೊನೆಗೆ ಇಬ್ಬರೂ ಕೂತು ಏಳು ಲಕ್ಷ ಎಂದು ಒಪ್ಪಿಕೊಂಡರು. ಸಂತೆಯಲ್ಲಿ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ. ವರ್ಷಗಟ್ಟಲೆ ಆ ಲೆಕ್ಕದಲ್ಲೇ ಧಾನ್ಯ ಬಂತು.

ಗಡಿಯ ಆಚೆ ಸರ್ಕಾರವಿದೆಯಲ್ಲ, ಅಲ್ಲಾದರೂ ಸರಿಯಿರಬಹುದು ಅನ್ನುವಿರಾ? ಮಂಡೇರಾದಲ್ಲಿ 1999ರ ಜನಗಣತಿಗೆ ಸಿಕ್ಕವರು ಎರಡೂವರೆ ಲಕ್ಷ. 2009ರಲ್ಲಿ 10,25,756. ಹತ್ತು ವರ್ಷಕ್ಕೆ ನಾಲ್ಕು ಪಟ್ಟು! ಕೆನ್ಯಾ ಸರ್ಕಾರ ಮಂಡೇರಾದ ಮೂರೂ ಸೇರಿದಂತೆ ಉತ್ತರದ ಎಂಟು ಜಿಲ್ಲೆಗಳ ಫಲಿತಾಂಶವನ್ನು ರದ್ದು ಮಾಡಿತು, ವಿಷಯ ಕೋರ್ಟಿಗೆ ಹೋಯಿತು. 2019ರಲ್ಲಿ 8,67,457. ಕ್ಷೇತ್ರಗಳು, ಅನುದಾನ ಎಲ್ಲ ತಲೆ ಲೆಕ್ಕದ ಮೇಲೆ ನಿಂತಿರುವಾಗ ಪ್ರತಿ ಕುಲವೂ ತನ್ನವರ ಸಂಖ್ಯೆ ಹೆಚ್ಚಲೆಂದು ಬಯಸುತ್ತದೆ. ಬರ ಬಂದ ವರ್ಷ ಗಡಿ ದಾಟಿ ಬಂದ ನೆಂಟರೂ ಮನೆಯಲ್ಲಿರುತ್ತಾರೆ. ಅವರನ್ನು ಬಿಟ್ಟು ಬರೆಸಿದರೆ ಸುಳ್ಳು, ಸೇರಿಸಿ ಬರೆಸಿದರೂ ಸುಳ್ಳು.

ಸೊಮಾಲಿಯಾ ಕಡೆಯವರು ಇನ್ನೂ ಮುಂದೆ ಹೋದರು, ಎಣಿಸುವ ಗೋಜನ್ನೇ ಬಿಟ್ಟರು. 2000ದಲ್ಲಿ ಜಿಬೂಟಿಯ ಅರ್ತಾದಲ್ಲಿ ನಡೆದ ಶಾಂತಿ ಸಭೆಯಲ್ಲಿ ನಾಲ್ಕೂವರೆಯ ಸೂತ್ರ ಬಳಕೆಗೆ ಬಂತು: ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪಾಲು, ಉಳಿದ ಅಲ್ಪಸಂಖ್ಯಾತರಿಗೆಲ್ಲ ಸೇರಿ ಅರ್ಧ ಪಾಲು. ಜುಬ್ಬಾ ದಂಡೆಯಲ್ಲಿ ತಲೆಮಾರುಗಳಿಂದ ಹೊಲ ಉಳುವ ಬಂಟು ಮೂಲದವರು ಈ ಅರ್ಧದೊಳಗೆ. ಅವರು ನಿಜಕ್ಕೂ ಎಷ್ಟಿದ್ದಾರೆ ಎಂದು ಎಣಿಸಿದರೆ ಸೂತ್ರವೇ ಅಲ್ಲಾಡೀತು. ಎಣಿಸದೇ ಇರುವುದರಿಂದ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಿಲ್ಲ.

ಪತ್ರಿಕೆಗಳಲ್ಲಿ ಬೆಲೆಡ್ ಹಾವೊದ ಹೆಸರು ಬರುವುದು ಗುಂಡಿನ ಸದ್ದಿನ ಜೊತೆಗೇ. 1996ರ ಆಗಸ್ಟಿನಲ್ಲಿ ಅಲ್-ಇತಿಹಾದ್ ಉಗ್ರರನ್ನು ಹೊಡೆಯಲು ಇಥಿಯೋಪಿಯಾದ ಸೇನೆ ಡೊಲೊ, ಲೂಕ್, ಬೆಲೆಡ್ ಹಾವೊಗಳಿಗೆ ನುಗ್ಗಿತು. ಆಮೇಲೆ ಅಲ್-ಶಬಾಬ್, 2011ರಲ್ಲಿ ಅವರನ್ನು ಓಡಿಸಿದವರು, 2017ರ ಸೆಪ್ಟೆಂಬರಿನಲ್ಲಿ ಸೇನಾ ನೆಲೆಯ ಮೇಲೆ ಮತ್ತೆ ಅವರದೇ ದಾಳಿ. ಆದರೆ 2020ರ ಮಾರ್ಚ್‌ನಲ್ಲಿ ಮತ್ತು 2021ರ ಜನವರಿಯಲ್ಲಿ ಇಲ್ಲಿ ಬಡಿದಾಡಿದ್ದು ಮೊಗದಿಶುವಿನ ಸೇನೆ ಮತ್ತು ಜುಬ್ಬಾಲ್ಯಾಂಡ್ ಆಡಳಿತದ ಪಡೆಗಳು. ಚುನಾವಣೆ ಎದುರಿಗಿತ್ತು, ಗೆಡೊ ಯಾರ ಕೈಯಲ್ಲಿರಬೇಕೆಂಬುದೇ ಜಗಳ. ಗುಂಡುಗಳು ಮಂಡೇರಾಕ್ಕೂ ಬಿದ್ದವು, 2021ರಲ್ಲಿ ಮಕ್ಕಳೂ ಸತ್ತರು. ನಮ್ಮ ಭಾಷೆಯಲ್ಲಿ ಇದೆಲ್ಲ 'ಕಾನೂನಿಲ್ಲದ ಗಡಿ' ಎಂಬ ಎರಡು ಪದಗಳಲ್ಲಿ ಮುಗಿಯುತ್ತದೆ. ಸೊಮಾಲಿಯಾ ಎಂದರೆ ನಮಗೆ ಕಡಲ್ಗಳ್ಳರು ಮತ್ತು ಎಲುಬು ಕಾಣುವ ಮಗು. 2016ರಲ್ಲಿ ನಮ್ಮ ಪ್ರಧಾನಿ ಕೇರಳದ ಬುಡಕಟ್ಟು ಶಿಶುಗಳ ಸಾವನ್ನು ಸೊಮಾಲಿಯಾಕ್ಕೆ ಹೋಲಿಸಿದಾಗ ಮಲಯಾಳಿಗಳು ಸಿಟ್ಟಾದರು. ನಮ್ಮನ್ನು ಸೊಮಾಲಿಯಾಕ್ಕೆ ಹೋಲಿಸಿದರಲ್ಲಾ ಎಂಬ ಸಿಟ್ಟು ಅದು. ಹೀಗೆ ಬೈಗುಳವಾಗಿರುವ ದೇಶದವರಿಗೆ ಏನನ್ನಿಸೀತು ಎಂದು ಯಾರೂ ಯೋಚಿಸಲಿಲ್ಲ.

ಪರಿಹಾರ ಕೆಲಸ ಬಲ್ಲ ಗೆಳೆಯರು ಇಷ್ಟು ಹೇಳಿದ್ದಕ್ಕೇ ನಮ್ಮ ಮೇಲೆ ಎಗರುತ್ತಾರೆ: ಅಂಕಿಯಿಲ್ಲದೆ ಅಕ್ಕಿ ಬರುತ್ತದಾ? ಬರುವುದಿಲ್ಲ, ಒಪ್ಪಿದೆವು. ನಮ್ಮಲ್ಲೇ 2021ರ ಜನಗಣತಿ ನಡೆಯದೆ, 2011ರ ಅಂಕಿಯ ಮೇಲೇ ರೇಷನ್ ಕಾರ್ಡಿನ ಮಿತಿ ನಿಂತು, ಆಮೇಲೆ ಹುಟ್ಟಿದವರು ಹೊರಗುಳಿದದ್ದನ್ನು ಬಲ್ಲೆವು. ಅಂದಾಜು ಬೇಡ ಎನ್ನುವಷ್ಟು ದಡ್ಡರಲ್ಲ ನಾವು. ಆದರೆ ಅಂಕಿ ಇದ್ದರೆ ಸಾಕು ಎಂಬ ಮಾತನ್ನೂ 2011 ಸುಳ್ಳು ಮಾಡಿದೆ. ಮಳೆ ಕೈಕೊಡುತ್ತದೆ ಎಂಬ ಎಚ್ಚರಿಕೆ 2010ರ ಕೊನೆಗೇ ಬಂದಿತ್ತು. ಹಸಿದವರು ಎಷ್ಟು ಲಕ್ಷ ಎಂಬ ಪಟ್ಟಿಗಳೂ ಇದ್ದವು. ಕ್ಷಾಮ ಎಂದು ವಿಶ್ವಸಂಸ್ಥೆ ಘೋಷಿಸಿದ್ದು 2011ರ ಜುಲೈ 20ಕ್ಕೆ, ಹಣ ಹರಿದದ್ದು ಆಮೇಲೆ. ಬೇ, ಬಕೂಲ್ ಕಡೆಯ ಜನ ಗೆಡೊ ಹಾದು, ಡೊಲೊದಲ್ಲಿ ಗಡಿ ದಾಟಿ, ಇಥಿಯೋಪಿಯಾದ ಡೊಲೊ ಅಡೊ ಶಿಬಿರಗಳಿಗೆ ನಡೆದರು. ಸತ್ತವರು ಸುಮಾರು 2,58,000, ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು ಎಂಬ ಲೆಕ್ಕ 2013ರಲ್ಲಿ ಬಂತು. ಅದೂ ಅಂದಾಜೇ, ಮಾಡಿದವರು ಹಾಗೆಂದು ಹೇಳಿಯೂ ಇದ್ದಾರೆ.

ಎಣಿಕೆ ತಪ್ಪಿದರೆ ಏನಾಗುತ್ತದೆ ಎಂದು ನೋಡಲು ಇದೇ ಗಡಿಯ ಗುಂಟ ದಕ್ಷಿಣಕ್ಕೆ, ಕೆನ್ಯಾದ ಗರಿಸ್ಸಾ ಕಡೆಗೆ ಬರಬೇಕು. ಅಲ್ಲಿ ದಡಾಬ್ ಎಂಬ ನಿರಾಶ್ರಿತರ ಶಿಬಿರಗಳ ಸಮೂಹವಿದೆ. ಸುತ್ತಲಿನ ಹಳ್ಳಿಗಳ ಸೊಮಾಲಿಗಳು ಕೆನ್ಯಾದವರೇ. ಬರದ ವರ್ಷಗಳಲ್ಲಿ ಹಳ್ಳಿಯಲ್ಲಿ ಏನೂ ಇರಲಿಲ್ಲ, ಶಿಬಿರದಲ್ಲಿ ಕಾಳು, ಎಣ್ಣೆ, ಆಸ್ಪತ್ರೆ ಇತ್ತು. ಅಪ್ಪ ಅಮ್ಮಂದಿರು ಮಕ್ಕಳನ್ನು ನಿರಾಶ್ರಿತರೆಂದು ಬರೆಸಿದರು, ಬೆರಳಚ್ಚು ಕೊಡಿಸಿದರು. ಆ ಮಕ್ಕಳಿಗೆ ಹದಿನೆಂಟು ತುಂಬಿ ಗುರುತಿನ ಚೀಟಿಗೆ ಹೋದರೆ, ನೀನು ನಮ್ಮ ದೇಶದವನಲ್ಲ, ನಿನ್ನ ಬೆರಳು ಸೊಮಾಲಿಯಾದ ಲೆಕ್ಕದಲ್ಲಿದೆ ಎಂಬ ಉತ್ತರ. ಇಂಥವರು ಸುಮಾರು 40,000 ಎಂಬ ಅಂದಾಜಿದೆ. ಚೀಟಿ ಇಲ್ಲದೆ ಕೆನ್ಯಾದಲ್ಲಿ ಮೊಬೈಲ್ ಸಿಮ್ ಸಿಗದು, ಬ್ಯಾಂಕ್ ಖಾತೆ ಆಗದು, ಚೆಕ್‌ಪೋಸ್ಟ್ ದಾಟಿ ನೈರೋಬಿಗೆ ಹೋಗುವುದೂ ಕಷ್ಟ. ಎರಡು ಕಡೆ ಎಣಿಕೆಯಾದ ಮನುಷ್ಯ ಎಲ್ಲೂ ಇಲ್ಲದವನಾದ. ಅವನ ಅಮ್ಮ ಮಾಡಿದ ತಪ್ಪೆಂದರೆ ಹಸಿದ ಮಗುವನ್ನು ಅನ್ನ ಇದ್ದ ಸಾಲಿನಲ್ಲಿ ನಿಲ್ಲಿಸಿದ್ದು.

ಹಾಗಾಗಿ ಇನ್ನು ಮುಂದೆ ಈ ಬ್ಲಾಗಿನಲ್ಲಿ ಇಂಥ ಊರುಗಳ ಅಂಕಿ ಬರೆಯುವಾಗ ಯಾರು ಕೊಟ್ಟದ್ದು, ಯಾವ ವರ್ಷದ್ದು, ಎಣಿಸಿದ್ದೋ ಅಂದಾಜೋ ಎಂದು ಅದೇ ಸಾಲಿನಲ್ಲಿ ಬರೆಯುತ್ತೇವೆ. ಸಾಲು ಉದ್ದವಾಗುತ್ತದೆ, ಬಾಕ್ಸ್‌ಗೆ ಹಿಡಿಸುವುದಿಲ್ಲ ಎಂದು ಡೆಸ್ಕಿನವರು ಗೊಣಗಲಿ. ನಮ್ಮ ಸಹಪಾಠಿಗಳಲ್ಲಿ ಬಹಳ ಮಂದಿ ಈಗ ಡೆಸ್ಕಿನಲ್ಲೇ ಇದ್ದೀರಿ, ನಿಮಗೇ ಹೇಳುತ್ತಿರುವುದು.

ಬೆಲೆಡ್ ಹಾವೊ ಮತ್ತು ಮಂಡೇರಾ ನಡುವೆ ಕೆನ್ಯಾ ಗೋಡೆ ಕಟ್ಟಲು ಹೊರಟಿತ್ತು. 2015ರಲ್ಲಿ ಗರಿಸ್ಸಾ ವಿಶ್ವವಿದ್ಯಾಲಯದಲ್ಲಿ 148 ಜನರನ್ನು ಕೊಂದ ದಾಳಿಯ ನಂತರ 700 ಕಿಲೋಮೀಟರ್ ಉದ್ದದ ಮಾತಾಡಿದರು. ಕೆಲವೇ ಕಿಲೋಮೀಟರ್ ತಂತಿಬೇಲಿ ಆಗುವಷ್ಟರಲ್ಲಿ ಕೆಲಸ ನಿಂತಿತು. 2023ರ ಮೇ ತಿಂಗಳಲ್ಲಿ, ಮುಚ್ಚಿದ್ದ ಗಡಿಯನ್ನು ಮೂವತ್ತು ದಿನದೊಳಗೆ ಇಲ್ಲೇ ಮೊದಲು ತೆರೆಯುತ್ತೇವೆ ಎಂದರು. ಜುಲೈನಲ್ಲಿ, ದಾಳಿಗಳು ಹೆಚ್ಚಾದವೆಂದು ಮುಂದೂಡಿದರು. ಅದೇ ವರ್ಷದ ದೇಯ್ರ್ ಮಳೆಗೆ ಜುಬ್ಬಾ ಉಕ್ಕಿ ಲೂಕ್ ಪಟ್ಟಣ ನೀರಲ್ಲಿ ನಿಂತಿತು. ಅಲ್ಲಿಂದ ಎದ್ದವರು ಎತ್ತರದ ಜಾಗ ಹುಡುಕಿಕೊಂಡು ಹೋದರು.