ಸಿಗಡಿಗೂ ಗೋತ್ರ ಕೇಳೋಣ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸಿಗಡಿಯ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಸಿಗಡಿಯನ್ನು ತಿನ್ನುವವರಿಗೆ ಅದರ ರುಚಿಯೊಂದೇ ಸಾಕು. ತಿನ್ನದವರಿಗೆ ಅದರ ಹೆಸರೂ ಬೇಡ. ಆದರೆ ಅದನ್ನು ಬೆಳೆಯುವವನಿಗೆ ಸಾಲ, ಬಡ್ಡಿ, ಮಗಳ ಮದುವೆ, ಮಗನ ಓದು ಎಲ್ಲವೂ ಅದರ ಮೇಲೆಯೇ ನಿಂತಿವೆ. ಅವನು ಹಣ ತೆತ್ತು ಕೊಳ್ಳುವ ಮರಿಯ ಕುಲ ಎಂಥದೆಂದು ತಿಳಿಯುವ ಹಕ್ಕು ಅವನಿಗಿದೆಯೆ, ಇಲ್ಲವೆ? ಇದು ವಿಜ್ಞಾನದ ಪ್ರಶ್ನೆ ಮಾತ್ರವಲ್ಲ, ನ್ಯಾಯದ ಪ್ರಶ್ನೆಯೂ ಹೌದು. ಆದುದರಿಂದಲೇ ಈ ನಾಲ್ಕು ಮಾತು.

ಉತ್ತರ ಕನ್ನಡದಲ್ಲಿ ಶೆಟ್ಲಿಯೆಂದೂ ತುಳುವರಲ್ಲಿ ಎಟ್ಟಿಯೆಂದೂ ಕರೆಯುವ ಈ ಜೀವಿ ನಮಗೆ ಹೊಸದಲ್ಲ. ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತದ ಕೊಯ್ಲಾದ ಮೇಲೆ ಭರತದ ನೀರಿನೊಡನೆ ಬಂದ ಸಿಗಡಿಯನ್ನು ಹಿಡಿಯುವುದು ಬಹು ಹಿಂದಿನ ರೂಢಿ. ಆ ಮರಿಗಳ ತಾಯಿತಂದೆ ಕಡಲಿನಲ್ಲಿದ್ದವು. ಕಡಲಿನ ಕುಲವೋ ದೊಡ್ಡದು. ಇಂದಿನ ಸಾಕಣೆಯ ಸಂಗತಿಯೇ ಬೇರೆ. 1990ರ ದಶಕದಲ್ಲಿ ನಮ್ಮ ಕರಾವಳಿಯ ಕೊಳಗಳನ್ನು ಆಳಿದ ಹುಲಿ ಸಿಗಡಿಯನ್ನು ಬಿಳಿಚುಕ್ಕೆ ರೋಗವು ನೆಲ ಕಚ್ಚಿಸಿತು. 2009ರಲ್ಲಿ ಸರಕಾರವು ವನ್ನಾಮಿ ಎಂಬ ಪರದೇಶದ ಬಿಳಿ ಸಿಗಡಿಗೆ ಅನುಮತಿ ಕೊಟ್ಟಿತು. ಅದರ ತೌರು ಮೆಕ್ಸಿಕೋದಿಂದ ಪೆರು ದೇಶದ ಉತ್ತರದವರೆಗಿನ ಶಾಂತಸಾಗರದ ತೀರ. ಅದರ ತಾಯಿ ಸಿಗಡಿಗಳು ಇಲ್ಲಿಗೆ ಬರುವುದು ವಿಮಾನದಲ್ಲಿ. ಚೆನ್ನೈಯಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿದ ಮೇಲೆ ಹ್ಯಾಚರಿಗಳಿಗೆ ಹೋಗುತ್ತವೆ. ಇಂದು ಭಾರತದಲ್ಲಿ ಬೆಳೆಯುವ ಸಿಗಡಿಯ ಬಹುಪಾಲು ಈ ಅತಿಥಿಯದೇ ಸಂತಾನ.

ಈ ಸಿಗಡಿಯನ್ನು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ್ದಾರೆ. ಬೇಗ ಬೆಳೆಯುವವನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡುವುದು ಇದರ ಕ್ರಮ. ಇದರಿಂದ ಆಗಿರುವ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲೊಂದು ಅಪಾಯವುಂಟು. ಒಂದು ಹೆಣ್ಣು ವನ್ನಾಮಿ ಒಂದೇ ಸಲಕ್ಕೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆಯಿಡುತ್ತದೆ. ಆಕಳು ಸಾಕುವವನಿಗೆ ಹತ್ತು ಕರು ಬೇಕಾದರೆ ಹತ್ತು ಆಕಳು ಬೇಕು. ಸಿಗಡಿ ಸಾಕುವವನ ಕೊಳ ತುಂಬಲು ಬೆರಳೆಣಿಕೆಯ ತಾಯಂದಿರು ಸಾಕು. ಕೊಳದಲ್ಲಿ ಲಕ್ಷಗಟ್ಟಲೆ ಜೀವಗಳಿದ್ದರೂ ಅವು ನಾಲ್ಕಾರು ಮನೆಯ ಮಕ್ಕಳಷ್ಟೇ ಆಗಿರಬಹುದು.

ತಳಿಶಾಸ್ತ್ರದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. 50 ಗಂಡು, 50 ಹೆಣ್ಣು ಸಮನಾಗಿ ಸಂತಾನ ಕೊಟ್ಟರೆ ಆ ಕುಲದ ನಿಜವಾದ ಗಾತ್ರ 100. ಆದರೆ 100 ಹೆಣ್ಣುಗಳಿಗೆ 5 ಗಂಡು ಮಾತ್ರ ಇದ್ದರೆ, ತಲೆಯೆಣಿಕೆ 105 ಇದ್ದರೂ ನಿಜವಾದ ಗಾತ್ರ ಸುಮಾರು 19ಕ್ಕೆ ಇಳಿಯುತ್ತದೆ. ಮೊದಲಿನದರಲ್ಲಿ ತಲೆಮಾರಿಗೆ ಶೇಕಡಾ ಅರ್ಧದಷ್ಟು ರಕ್ತಸಂಬಂಧ ಹೆಚ್ಚಿದರೆ, ಎರಡನೆಯದರಲ್ಲಿ ಶೇಕಡಾ 2.6ರಷ್ಟು. ಹೀಗೆಯೇ ಐದು ತಲೆಮಾರು ನಡೆದರೆ ಅದು ಶೇಕಡಾ 12ನ್ನು ದಾಟುತ್ತದೆ. ಅಂದರೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟಾಗ ಹುಟ್ಟುವ ಮಕ್ಕಳಲ್ಲಿರುವಷ್ಟು. ಹೆಣ್ಣು ತರುವಾಗ ಗೋತ್ರ ಕೇಳುತ್ತ, ಸೋದರಮಾವನಿಗೆ ಮಾತ್ರ ರಿಯಾಯಿತಿ ಕೊಟ್ಟುಕೊಂಡ ನಾಡಿನವರಾದ ನಮಗೆ ಈ ಲೆಕ್ಕ ಬೇಗ ಅರ್ಥವಾಗಬೇಕು. ಸಿಗಡಿಗೆ ಐದು ತಲೆಮಾರೆಂದರೆ ಐದಾರು ವರ್ಷ ಮಾತ್ರ.

ಸರಿ, ಸಿಗಡಿಯ ಗೋತ್ರವನ್ನು ಹೇಳುವವರಾರು? ಕಣ್ಣಿಗೆ ಎಲ್ಲವೂ ಒಂದೇ. ಆನುವಂಶಿಕ ಗುರುತುಗಳು ಇಲ್ಲಿ ನೆರವಿಗೆ ಬರುತ್ತವೆ. ಡಿ.ಎನ್.ಎ. ಎಂಬ ಉದ್ದನೆಯ ಬರಹದಲ್ಲಿ ಕೆಲವೆಡೆ ಎರಡು ಮೂರು ಅಕ್ಷರಗಳ ಗುಂಪು ಮತ್ತೆ ಮತ್ತೆ ಬರುತ್ತದೆ. ಒಂದು ಸಿಗಡಿಯಲ್ಲಿ ಹತ್ತು ಸಲ ಬಂದರೆ ಇನ್ನೊಂದರಲ್ಲಿ ಹದಿನೈದು ಸಲ ಬಂದೀತು. ಇವಕ್ಕೆ ಮೈಕ್ರೋಸ್ಯಾಟಲೈಟ್ ಎಂದು ಹೆಸರು. ಒಂದೇ ಅಕ್ಷರದ ವ್ಯತ್ಯಾಸವನ್ನು ಗುರುತಿಸುವ ವಿಧಾನವೂ ಈಗ ಬಳಕೆಯಲ್ಲಿದೆ. 2019ರಲ್ಲಿ ವನ್ನಾಮಿಯ ಪೂರ್ಣ ಡಿ.ಎನ್.ಎ. ಬರಹವೇ ಪ್ರಕಟವಾದ ಮೇಲೆ ಆ ಕೆಲಸ ಸುಲಭವಾಗಿದೆ. ಕಾಲಿನ ಒಂದು ಚೂರಿದ್ದರೆ ಪರೀಕ್ಷೆಗೆ ಸಾಕು. ಒಂದು ಗುಂಪಿನಲ್ಲಿ ಇಂಥ ಎಷ್ಟು ಬಗೆಯ ರೂಪಗಳಿವೆಯೆಂದು ಎಣಿಸಿ ಕಡಲಿನ ಕುಲದೊಡನೆ ಹೋಲಿಸಿದರೆ ಕಳೆದುಹೋದದ್ದೆಷ್ಟೆಂದು ತಿಳಿಯುತ್ತದೆ. ಕುಲ ಕಿರಿದಾದಾಗ ಮೊದಲು ಮಾಯವಾಗುವುದು ವಿರಳವಾದ ರೂಪಗಳೇ. ಮುಂದೊಂದು ಹೊಸ ರೋಗ ಬಂದಾಗ ಅದನ್ನು ತಾಳುವ ಗುಣವು ಅಂಥ ವಿರಳ ರೂಪವೊಂದರ ಜೊತೆಯಲ್ಲೇ ಹೋಗಿಬಿಟ್ಟಿದ್ದರೆ ಯಾವ ಆಯ್ಕೆಯೂ ಅದನ್ನು ಮರಳಿ ತರಲಾರದು. ಇಲ್ಲದ್ದನ್ನು ಆರಿಸುವುದು ಹೇಗೆ?

ಈ ಪರೀಕ್ಷೆಯನ್ನು ಮಂತ್ರದಂಡವೆಂದು ನಾನು ಹೇಳುವುದಿಲ್ಲ. ಮೈಕ್ರೋಸ್ಯಾಟಲೈಟ್ ಪರೀಕ್ಷೆಯಲ್ಲಿ ಕೆಲವು ರೂಪಗಳು ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತವೆ. ಆಗ ಇಲ್ಲದ ರಕ್ತಸಂಬಂಧವೂ ಇದ್ದಂತೆ ತೋರುತ್ತದೆ. ಸಿಗಡಿಗಳಲ್ಲಿ ಈ ತೊಡಕು ಹೆಚ್ಚು. ಆದುದರಿಂದ ಒಂದೆರಡು ಗುರುತುಗಳನ್ನು ನೋಡಿ ತೀರ್ಪು ಕೊಡಬಾರದು. ಹಲವು ಗುರುತು, ಸಾಕಷ್ಟು ಸಿಗಡಿ, ಬಲ್ಲವರ ಕಣ್ಣು ಮೂರೂ ಬೇಕು.

ಖರ್ಚು ಹೆಚ್ಚೆಂಬುದು ಒಂದು ಆಕ್ಷೇಪ. ಪ್ರತಿ ಮರಿಯನ್ನೂ ಪರೀಕ್ಷಿಸಿ ಎಂದು ಯಾರೂ ಕೇಳುತ್ತಿಲ್ಲ. ತಾಯಿತಂದೆಗಳ ತಂಡದಿಂದ ಕೆಲವನ್ನು ಪರೀಕ್ಷಿಸಿದರೆ ಸಾಕು. ಒಂದು ಬೆಳೆ ಮುಳುಗಿದರೆ ಆಗುವ ನಷ್ಟದ ಮುಂದೆ ಅದು ದೊಡ್ಡದಲ್ಲ. ತಳಿಯ ಗುಟ್ಟು ವ್ಯಾಪಾರಿಯ ಸೊತ್ತು ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಶ್ರಮಪಟ್ಟವನಿಗೆ ಪ್ರತಿಫಲ ಬೇಕು. ಆದರೆ ಈ ಗುಟ್ಟಿಗೂ ಬೆಲೆಯುಂಟು. ತಮ್ಮ ತಳಿಯನ್ನು ಪರರು ನಕಲು ಮಾಡಬಾರದೆಂದು ಹತ್ತಿರದ ಸಂಬಂಧಿಗಳನ್ನೇ ಮಾರುವುದು, ನಕಲು ಹ್ಯಾಚರಿಯವರು ಅವನ್ನೇ ಕೂಡಿಸಿ ಅಗ್ಗದ ಮರಿ ಮಾಡುವುದು, ಆ ಮರಿ ರೋಗಕ್ಕೆ ಬೇಗ ತುತ್ತಾಗುವುದು, ಈ ಸರಪಳಿಯ ಬಗ್ಗೆ ರೋಜರ್ ಡಾಯ್ಲ್ ಎಂಬ ವಿಜ್ಞಾನಿ 2016ರಲ್ಲೇ ಎಚ್ಚರಿಸಿದ್ದಾರೆ. ಕೊಳದಲ್ಲಿ ಬೆಳೆದ ಸಿಗಡಿಯನ್ನು ತಾಯಿಯಾಗಿ ಬಳಸುವುದು ನಮ್ಮಲ್ಲಿ ನಿಯಮಬಾಹಿರ. ಆದರೆ ಮರಿಯ ಮುಖ ನೋಡಿ ಅದರ ಹುಟ್ಟನ್ನು ಹೇಳಬಲ್ಲ ರೈತನಾರು? ವ್ಯಾಪಾರಿ ತನ್ನ ವಿಧಾನವನ್ನು ಮುಚ್ಚಿಟ್ಟುಕೊಳ್ಳಲಿ. ಕುಲ ವಿಶಾಲವೋ ಕಿರಿದೋ ಎಂಬುದನ್ನಾದರೂ ಹೇಳಲಿ.

ಇಂದು ಆಮದಾದ ತಾಯಿ ಸಿಗಡಿಗೆ ಗೊತ್ತುಪಡಿಸಿದ ರೋಗಗಳಿಲ್ಲವೆಂಬ ಪತ್ರವುಂಟು. ಅದು ಅಗತ್ಯವೇ. ಆದರೆ ರೋಗವಿಲ್ಲದಿರುವುದು ಬೇರೆ, ರೋಗ ಬಂದಾಗ ತಾಳುವ ಕುಲಬಲವಿರುವುದು ಬೇರೆ. ಮೊದಲನೆಯ ಪತ್ರದೊಡನೆ ಎರಡನೆಯ ಪತ್ರವೂ ಇರಬೇಕು, ಅದು ರೈತನ ಭಾಷೆಯಲ್ಲಿರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ಮಾತಿಗೆ ಈಗ ಸಕಾಲವೂ ಒದಗಿದೆ. ಚೆನ್ನೈಯಲ್ಲಿರುವ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆಯು ನಮ್ಮದೇ ಕಡಲಿನ ಬಿಳಿ ಸಿಗಡಿಯ ತಳಿ ಸುಧಾರಣೆಯನ್ನು ಕೈಗೆತ್ತಿಕೊಂಡಿದೆ. ಪರರ ಕುಲವನ್ನು ಕೊಳ್ಳುವವನು ಅವರು ಕೊಟ್ಟದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ತನ್ನ ಕುಲವನ್ನು ತಾನೇ ಕಟ್ಟುವವನು ಮೊದಲ ದಿನದಿಂದಲೇ ಲೆಕ್ಕವಿಡಬಹುದು. ಬುನಾದಿಯಲ್ಲಿ ಬಿಟ್ಟುಹೋದ ಕಲ್ಲನ್ನು ಮಾಳಿಗೆ ಕಟ್ಟುವಾಗ ಸೇರಿಸಲಾಗದು. ಪೂರ್ವ ಪಶ್ಚಿಮ ಎರಡೂ ಕರಾವಳಿಗಳಿಂದ ಧಾರಾಳವಾಗಿ ಸಿಗಡಿಯನ್ನು ತಂದು, ಗುರುತುಗಳಿಂದ ಅಳೆದು, ತಲೆಮಾರಿಗೊಮ್ಮೆ ಮತ್ತೆ ಅಳೆಯುತ್ತ ಮುಂದುವರಿಯಲಿ. ಬೇಗ ದಪ್ಪಗಾಗುವ ಸಿಗಡಿ ಈ ವರ್ಷದ ಸಾಲವನ್ನು ತೀರಿಸೀತು. ಮುಂದಿನ ವರ್ಷವೂ ಕೊಳ ಬರಿದಾಗದಿರಬೇಕಾದರೆ ಕುಲ ವಿಶಾಲವಾಗಿರಬೇಕು.