ಹಳೆಯ ವಿಮಾನದ ಮೇಲೆ ಸುಮ್ಮನೆ ಗೂಬೆ ಕೂರಿಸಬೇಡಿ

ವಿಮಾನ ಬಿದ್ದ ಸುದ್ದಿ ಬಂದ ಕೂಡಲೇ ಟೀವಿ ಚರ್ಚೆಗಳಲ್ಲಿ ಏಳುವ ಮೊದಲ ಪ್ರಶ್ನೆ, ‘ಅದೆಷ್ಟು ಹಳೆಯದು?’ ಕರ್ನಾಟಕದ ದುರಂತಗಳನ್ನು ನೋಡಿದರೆ ಈ ಪ್ರಶ್ನೆಗೆ ಹೆಚ್ಚು ಬೆಲೆಯಿಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ 92 ಜನರನ್ನು ಬಲಿ ಪಡೆದ ಇಂಡಿಯನ್ ಏರ್‌ಲೈನ್ಸ್‌ನ ಎ320, ಸೇವೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. 2010ರಲ್ಲಿ ಮಂಗಳೂರಿನಲ್ಲಿ 158 ಜನರನ್ನು ಕೊಂದ ಬೋಯಿಂಗ್‌ಗೆ ಮೂರು ವರ್ಷ ತುಂಬಿರಲಿಲ್ಲ. ಕೆಂಗೇರಿ ದಾಟಿದರೆ ಸಿಗುವ ಬಿಡದಿಯ ಬಳಿ 2009ರ ಮಾರ್ಚ್ 6ರಂದು ಬಿದ್ದ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ‘ಸರಸ್’ ವಿಮಾನ ಇನ್ನೂ ಪರೀಕ್ಷಾ ಹಂತದ ಮಾದರಿ. ಆಕಾಶದಲ್ಲಿ ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆಯಲ್ಲಿ ಅದು ಹತೋಟಿ ತಪ್ಪಿ, ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ತೆತ್ತರು. ಮೂರರಲ್ಲಿ ಒಂದರ ತನಿಖೆಯೂ ಮುಪ್ಪಿನತ್ತ ಬೆರಳು ತೋರಲಿಲ್ಲ.

ಹಾಗಾದರೆ ಲೋಹಕ್ಕೆ ಮುಪ್ಪೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಹಿಗ್ಗಿ ಕುಗ್ಗುತ್ತದೆ. ಬಾಗಿಸಿ ಬಾಗಿಸಿ ತಂತಿ ತುಂಡಾಗುವಂತೆ ಅದೂ ದಣಿಯುತ್ತದೆ. 1988ರಲ್ಲಿ ಹವಾಯಿಯ ಅಲೋಹಾ ಸಂಸ್ಥೆಯ 19 ವರ್ಷದ ಬೋಯಿಂಗ್ 737ರ ಚಾವಣಿ ಹಾರಾಟದ ನಡುವೆಯೇ ಕಿತ್ತುಹೋಯಿತು. ದ್ವೀಪದಿಂದ ದ್ವೀಪಕ್ಕೆ ಹಾರುತ್ತಾ ಅದು 89,680 ಹಾರಾಟ ಮುಗಿಸಿತ್ತು. ತಗಡುಗಳನ್ನು ಬೆಸೆದಿದ್ದ ಅಂಟು ಬಿಟ್ಟು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ರಂಧ್ರದಿಂದ ರಂಧ್ರಕ್ಕೆ ಬಿರುಕು ಹಬ್ಬಿತ್ತು. ಆ ಬಿರುಕನ್ನು ತಪಾಸಣೆಯಲ್ಲಿ ಹಿಡಿಯಬಹುದಿತ್ತು, ಹಿಡಿಯಲಿಲ್ಲ ಎಂಬುದೇ ತನಿಖೆಯ ಆಕ್ಷೇಪ. 1985ರಲ್ಲಿ 520 ಜನರನ್ನು ಕೊಂದ ಜಪಾನ್ ಏರ್‌ಲೈನ್ಸ್‌ನ ಜಂಬೋದ ಕಥೆಯಂತೂ ಇನ್ನೂ ಸ್ಪಷ್ಟ. 1978ರಲ್ಲಿ ಅದರ ಬಾಲ ನೆಲಕ್ಕೆ ತಾಗಿದಾಗ ಮಾಡಿದ ರಿಪೇರಿಯಲ್ಲಿ, ಅಖಂಡವಾಗಿರಬೇಕಿದ್ದ ಜೋಡಣೆಯ ತಗಡನ್ನು ಎರಡು ತುಂಡು ಮಾಡಿ ಕೂರಿಸಿದ್ದರು. ಏಳು ವರ್ಷ ಆ ತಪ್ಪನ್ನು ಯಾರೂ ಗುರುತಿಸಲಿಲ್ಲ.

ಇಷ್ಟು ವರ್ಷ ದಾಟಿದ ವಿಮಾನವನ್ನೆಲ್ಲ ಗುಜರಿಗೆ ಹಾಕಿದರೆ ಕಾಟವೇ ತಪ್ಪುತ್ತದಲ್ಲ ಎಂಬ ವಾದವೂ ಇದೆ. ಆದರೆ ಸವೆತವನ್ನು ಅಳೆಯಬೇಕಾದದ್ದು ವರ್ಷದಿಂದಲ್ಲ, ಹಾರಾಟಗಳ ಸಂಖ್ಯೆಯಿಂದ: ದೂರದ ಊರಿಗೆ ದಿನಕ್ಕೊಮ್ಮೆ ಹಾರುವ ವಿಮಾನವೂ ಅರ್ಧ ತಾಸಿನ ಹಾದಿಯಲ್ಲಿ ಹತ್ತಾರು ಬಾರಿ ಏರಿಳಿಯುವ ವಿಮಾನವೂ ಒಂದೇ ವೇಗದಲ್ಲಿ ಸವೆಯುವುದಿಲ್ಲ. ಅಲೋಹಾ ಘಟನೆಯ ನಂತರ 1991ರಲ್ಲಿ ಅಮೆರಿಕ ಕಾನೂನು ತಂದಿತು. ಆದರೆ ಹಳೆಯ ವಿಮಾನಗಳನ್ನು ನಿಷೇಧಿಸದೆ, ಅವುಗಳ ತಪಾಸಣೆ ಮತ್ತು ದಾಖಲೆ ಪರಿಶೀಲನೆಯನ್ನು ಕಡ್ಡಾಯ ಮಾಡಿತು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಪ್ರತಿ ವಿಮಾನದ ಹಾರಾಟಗಳ ಸಂಖ್ಯೆ, ದೊಡ್ಡ ರಿಪೇರಿ, ಕೊನೆಯ ಕೂಲಂಕಷ ತಪಾಸಣೆಯ ವಿವರವನ್ನು ಜನರ ಮುಂದಿಡಲಿ. ರಾಜಾಜಿನಗರದಿಂದ ದೇವನಹಳ್ಳಿಗೆ ಹೋಗಿ ವಿಮಾನ ಹತ್ತುವ ಪ್ರಯಾಣಿಕನೂ ಅದನ್ನೇ ಕೇಳಲಿ.